ಇಪ್ಪತ್ತು ನಿಮಿಷದ ಜೈಲಿಗೆ ಹೆದರುವವರು ಯಾರು?



ಮೊದಲೇ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನಮ್ಮ ಹುಡುಗರು ಆಡುವ ಗೇಮ್ ಸರ್ವರಿನಲ್ಲಿ ಶಿಕ್ಷೆಯ ಪಟ್ಟಿ ಬರೆದವನು ನಾನು. ಬಿಎಸ್ಸಿ ಓದಿದವನು, ಲೆಕ್ಕ ಗೊತ್ತಿದೆ ಎಂದು ಆ ಕೆಲಸ ನನ್ನ ತಲೆಗೆ ಬಿತ್ತು. ಅಂಗಡಿ ದೋಚಿದರೆ 10 ನಿಮಿಷ ಜೈಲು, ಬ್ಯಾಂಕ್ ಅಥವಾ ಲಾರಿ ದರೋಡೆಗೆ 20, ಪೊಲೀಸರ ಮೇಲೆ ಗುಂಡು ಹಾರಿಸಿದರೆ 30. ನೋಡಲು ಚಂದದ ಕೋಷ್ಟಕ. ಅದರಿಂದ ಏನೂ ಪ್ರಯೋಜನವಿಲ್ಲ ಎಂದು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು.

ತಿಳಿಸಿದವರು ಇಬ್ಬರು. ಒಂದು ಭಾನುವಾರ ನಮ್ಮ ಸಭೆ ಮುಗಿದು ಚಾ ಕುಡಿಯುವಾಗ ಒಬ್ಬ ಹುಡುಗ ನಗುತ್ತಾ ಹೇಳಿದ: "ಅಣ್ಣಾ, ನಿನ್ನೆ ಹೈವೇಯಲ್ಲಿ ಒಂದು ಲಾರಿ ಹೊಡೆದೆವು. ಸಿಕ್ಕಿಬಿದ್ದೆ. ಇಪ್ಪತ್ತು ನಿಮಿಷ ಜೈಲು. ಊಟ ಮಾಡಿ ಬರುವಾಗ ಬಿಡುಗಡೆ ಆಗಿತ್ತು!" ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಲಾರಿಯ ಹುಡುಗ ಅಲ್ಲೇ ಮೂಲೆಯಲ್ಲಿ ಕೂತಿದ್ದ. ಸ್ವಂತ ಲಾರಿ ಕೊಳ್ಳಬೇಕು ಎಂದು ಮೂರು ವಾರ ರಾತ್ರಿಯೆಲ್ಲ ಕೂತು ಆಟದ ಹಣ ಕೂಡಿಸಿದ್ದವನು. ಕೊಂಡ ಮೂರನೇ ದಿನಕ್ಕೆ ಲಾರಿ ಹೋಯಿತು, ಬಿಡಿಭಾಗವಾಗಿ ಮಾರಿಯೂ ಆಯಿತು. ಅವನು ಮೆಲ್ಲನೆ ಹೇಳಿದ: "ಅವನಿಗೆ ಇಪ್ಪತ್ತು ನಿಮಿಷ ಶಿಕ್ಷೆ ಅಣ್ಣಾ, ನನಗೆ ಮೂರು ವಾರ. ನಾನು ಇನ್ನು ಆಡುವುದಿಲ್ಲ."

ಅವನು ಹೋದ. ಆಮೇಲೆ ಸರ್ವರಿಗೆ ಬರಲೇ ಇಲ್ಲ.

ಆಟವೇ ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಜಿಟಿಎ 5 ಎಂಬುದು 2013ರಲ್ಲಿ ಬಂದ ಆಟ. ಮಾಮೂಲಾಗಿ ಆಡಿದರೆ ಅದರಲ್ಲಿ ಸತ್ತವನು ಆಸ್ಪತ್ರೆಯ ಬಾಗಿಲಲ್ಲಿ ಎದ್ದು ಮತ್ತೆ ಶುರುಮಾಡುತ್ತಾನೆ. ಆದರೆ ಫೈವ್‌ಎಂ ಎಂಬ ವ್ಯವಸ್ಥೆಯ ಮೂಲಕ ಯಾರು ಬೇಕಾದರೂ ತಮ್ಮದೇ ಸರ್ವರ್ ನಡೆಸಬಹುದು. ಅಲ್ಲಿ ನಡೆಯುವುದು ರೋಲ್‌ಪ್ಲೇ. ಪ್ರತಿಯೊಬ್ಬನಿಗೂ ಒಂದು ಪಾತ್ರ, ಒಂದು ಹೆಸರು, ಕೆಲಸ, ಬ್ಯಾಂಕ್ ಖಾತೆ. ಪೊಲೀಸ್, ಆಂಬುಲೆನ್ಸಿನವರು, ಮೆಕ್ಯಾನಿಕ್, ವಕೀಲ, ನ್ಯಾಯಾಧೀಶ ಎಲ್ಲರೂ ಪರದೆಯ ಹಿಂದೆ ಕೂತಿರುವ ನಿಜವಾದ ಮನುಷ್ಯರು. ಈ ಆಟದ ರೀತಿ ಎಷ್ಟು ಬೆಳೆಯಿತೆಂದರೆ, 2023ರ ಆಗಸ್ಟ್‌ನಲ್ಲಿ ಜಿಟಿಎ ತಯಾರಿಸುವ ರಾಕ್‌ಸ್ಟಾರ್ ಕಂಪನಿ ಫೈವ್‌ಎಂ ತಂಡವನ್ನೇ ಕೊಂಡುಕೊಂಡಿತು. ಕೇರಳದಲ್ಲಿ ಮಲಯಾಳ ರೋಲ್‌ಪ್ಲೇ ಲೈವ್ ನೋಡುವವರು ಬಹಳ. ನಮ್ಮ ಕಾಸರಗೋಡಿನ ಹುಡುಗರು ಕಲಿತದ್ದೂ ಅಲ್ಲಿಂದಲೇ. ನಮ್ಮದು ನಲವತ್ತು ಜನರ ಸಣ್ಣ ಸರ್ವರ್, 18 ತುಂಬಿದವರಿಗೆ ಮಾತ್ರ. ಪೊಲೀಸರು ಮಲಯಾಳದಲ್ಲಿ ಗದರಿಸುತ್ತಾರೆ, ಕಳ್ಳರು ತುಳುವಿನಲ್ಲಿ ಗೊಣಗುತ್ತಾರೆ, ಕೋರ್ಟು ಮಾತ್ರ ಕನ್ನಡದಲ್ಲಿ ನಡೆಯುತ್ತದೆ.

ಶಿಕ್ಷೆ ಹೆಚ್ಚಿಸಿ ನೋಡಿದೆ

ಲಾರಿ ಹುಡುಗ ಹೋದ ಮೇಲೆ ನನಗೆ ಸಿಟ್ಟು ಬಂತು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. 20 ನಿಮಿಷದ್ದನ್ನು 60 ಮಾಡಿದೆ.

ಆಮೇಲೆ ಏನಾಯಿತು? ಮೊದಲನೆಯದಾಗಿ, ಶರಣಾಗುವವರೇ ಇಲ್ಲವಾದರು. ಮೊದಲು ಪೊಲೀಸರು ಸುತ್ತುವರಿದರೆ ಕೈ ಮೇಲೆತ್ತುತ್ತಿದ್ದ ಕಳ್ಳರು ಈಗ ಕೊನೆಯ ಗುಂಡಿನ ತನಕ ಹೊಡೆದಾಡತೊಡಗಿದರು. ಒಂದು ಗಂಟೆ ಗೋಡೆ ನೋಡುತ್ತಾ ಕೂರುವುದಕ್ಕಿಂತ ಸಾಯುವುದು ಲೇಸು, ಆಸ್ಪತ್ರೆಯಿಂದ ಎರಡು ನಿಮಿಷದಲ್ಲಿ ಎದ್ದು ಬರಬಹುದಲ್ಲ! ಎರಡನೆಯದಾಗಿ, ಸಿಕ್ಕಿಬಿದ್ದವರು ಆ ಪಾತ್ರವನ್ನು ಜೈಲಿನಲ್ಲಿ ಬಿಟ್ಟು ಫೋನ್ ಹಿಡಿದುಕೊಂಡು ಕೂತರು. ಮೂರನೆಯದು ನಾನು ನಿರೀಕ್ಷಿಸಿರಲಿಲ್ಲ. ಪೊಲೀಸ್ ಪಾತ್ರದ ಹುಡುಗರೇ ಕೇಸು ಹಾಕುವುದನ್ನು ಕಡಿಮೆ ಮಾಡಿದರು. "ಪಾಪ ಅಣ್ಣಾ, ಅವನು ಕೆಲಸ ಮುಗಿಸಿ ಒಂದೂವರೆ ಗಂಟೆ ಆಡಲು ಬರುತ್ತಾನೆ. ಅದರಲ್ಲಿ ಒಂದು ಗಂಟೆ ಜೈಲಿಗೆ ಹಾಕುವುದು ಹೇಗೆ?"

ಇಷ್ಟೆಲ್ಲ ಆದರೂ ಲಾರಿ ಕಳೆದುಕೊಂಡವನಿಗೆ ಏನು ಸಿಕ್ಕಿತು? ಏನೂ ಇಲ್ಲ.

ಆಗ ನನಗೆ ಹೊಳೆದದ್ದು ಇದು. ನಿಜ ಜೀವನದ ಜೈಲು ಮನುಷ್ಯನ ಆಯುಷ್ಯದಿಂದ ದಿನಗಳನ್ನು ಕಿತ್ತುಕೊಳ್ಳುತ್ತದೆ. ಆಟದ ಜೈಲು ಪಾತ್ರದಿಂದ ಏನನ್ನೂ ಕಿತ್ತುಕೊಳ್ಳುವುದಿಲ್ಲ. ತಪ್ಪು ಮಾಡಿದ್ದು ಪಾತ್ರ, ಬೇಸರಪಡುವುದು ಆಡುವ ಹುಡುಗ. ಹುಡುಗ ಎದ್ದು ಹೋಗಬಹುದು, ಹೋಗುತ್ತಾನೆ ಕೂಡ. ನಿಮಿಷಗಳನ್ನು ಎಷ್ಟು ಹೆಚ್ಚಿಸಿದರೂ ಶಿಕ್ಷೆ ತಪ್ಪು ವಿಳಾಸಕ್ಕೇ ತಲುಪುತ್ತದೆ.

ಹಳೆಯ ಆಟಗಳು ಕಲಿಸಿದ್ದು

ಈ ಪ್ರಶ್ನೆ ಹೊಸದಲ್ಲ. ನಮ್ಮಲ್ಲಿ ಅನೇಕರು ಹುಟ್ಟುವ ಮೊದಲೇ, 1997ರಲ್ಲಿ ಅಲ್ಟಿಮಾ ಆನ್‌ಲೈನ್ ಎಂಬ ಆಟ ಶುರುವಾಯಿತು. ಸಾವಿರಾರು ಜನ ಒಂದೇ ಲೋಕದಲ್ಲಿ ಬದುಕುವ ಆಟ. ಊರ ಹೊರಗೆ ಕಾಲಿಟ್ಟರೆ ಕೊಂದು ದೋಚುವವರು ಕಾದಿರುತ್ತಿದ್ದರು. ತಯಾರಕರು ಕಾನೂನು ತಂದರು. ಐದು ಕೊಲೆ ಲೆಕ್ಕಕ್ಕೆ ಬಿದ್ದವನ ಹೆಸರು ಕೆಂಪು ಬಣ್ಣದಲ್ಲಿ ಕಾಣುತ್ತಿತ್ತು, ಕಾವಲಿರುವ ಪಟ್ಟಣಕ್ಕೆ ಬಂದರೆ ಕಾವಲುಗಾರರು ಅಲ್ಲೇ ಮುಗಿಸುತ್ತಿದ್ದರು. ಆದರೆ ಒಂದೊಂದು ಕೊಲೆಯ ಲೆಕ್ಕವೂ ಕೆಲವು ಗಂಟೆಗಳ ಆಟದ ನಂತರ ಅಳಿಸಿಹೋಗುತ್ತಿತ್ತು. ಅಲ್ಪಾವಧಿ ಲೆಕ್ಕಕ್ಕೆ 8 ಗಂಟೆ, ದೀರ್ಘಾವಧಿ ಲೆಕ್ಕಕ್ಕೆ 40. ಕೊಲೆಗಾರರು ಏನು ಮಾಡಿದರು ಗೊತ್ತೇ? ಪಾತ್ರವನ್ನು ಮನೆಯೊಳಗೆ ಅಡಗಿಸಿ, ಕಂಪ್ಯೂಟರ್ ಹಾಗೇ ಓಡಲು ಬಿಟ್ಟು ಮಲಗಿದರು. ಬೆಳಗಾಗುವಾಗ ಲೆಕ್ಕ ಕರಗುತ್ತಾ ಬಂದಿರುತ್ತಿತ್ತು. ಕೊಲೆಗಾರನ ತಲೆಗೆ ಬಹುಮಾನ ಇಟ್ಟರೆ, ಅವನ ಗೆಳೆಯನೇ ಅವನನ್ನು ಕೊಂದು ಹಣ ಪಡೆದು ಇಬ್ಬರೂ ಹಂಚಿಕೊಳ್ಳಬಹುದಿತ್ತು. ಕೊನೆಗೆ 2000ದಲ್ಲಿ ತಯಾರಕರು ಲೋಕವನ್ನೇ ಎರಡು ಮಾಡಿದರು. ಒಂದು ಹಳೆಯ ಅಪಾಯದ ಲೋಕ, ಇನ್ನೊಂದು ಒಪ್ಪಿಗೆ ಇಲ್ಲದೆ ಯಾರೂ ಯಾರನ್ನೂ ಕೊಲ್ಲಲಾಗದ ಲೋಕ. ನ್ಯಾಯ ಸಾಧ್ಯವಾಗದೆ ಗೋಡೆ ಕಟ್ಟಿದರು ಎಂದು ನಾನು ಇದನ್ನು ಓದುತ್ತೇನೆ.

ಎರಡನೆಯದು ಐಸ್‌ಲ್ಯಾಂಡಿನ ಕಂಪನಿ 2003ರಲ್ಲಿ ತಂದ ಈವ್ ಆನ್‌ಲೈನ್, ಬಾಹ್ಯಾಕಾಶದ ಆಟ. ಅಲ್ಲಿ ಸುರಕ್ಷಿತ ವಲಯದಲ್ಲಿ ಅಕ್ರಮವಾಗಿ ಗುಂಡು ಹಾರಿಸಿದರೆ ಕಾಂಕಾರ್ಡ್ ಎಂಬ ಪೊಲೀಸ್ ಪಡೆ ಬಂದು ನಿಮ್ಮ ನೌಕೆಯನ್ನು ಖಂಡಿತ ನಾಶಮಾಡುತ್ತದೆ. ತಪ್ಪಿಸಿಕೊಳ್ಳುವಂತಿಲ್ಲ. ಶಿಕ್ಷೆ ಕಠಿಣವಾಗಿರುವುದಕ್ಕಿಂತ ಖಚಿತವಾಗಿರುವುದು ಮುಖ್ಯ ಎಂದು ಇಟಲಿಯ ಚೆಸಾರೆ ಬೆಕಾರಿಯಾ 1764ರಲ್ಲೇ ಬರೆದಿದ್ದ. ಈವ್‌ನಲ್ಲಿ ಆ ಮಾತು ಅಕ್ಷರಶಃ ಜಾರಿಯಾದಂತೆ ಕಾಣುತ್ತದೆ. ಆದರೂ ದರೋಡೆ ನಿಲ್ಲಲಿಲ್ಲ. ಏಕೆ? ದರೋಡೆಕೋರರು ಲೆಕ್ಕ ಹಾಕಿದರು. ನನ್ನ ಅಗ್ಗದ ನೌಕೆ ಹೋಗುವುದು ಖಚಿತ, ಅದರ ಬೆಲೆ ಇಷ್ಟು. ಎದುರಿನ ಸರಕು ನೌಕೆಯಲ್ಲಿರುವ ಮಾಲು ಅದಕ್ಕಿಂತ ಹೆಚ್ಚು. ಹಾಗಿದ್ದರೆ ಹೊಡೆ! ಪೊಲೀಸರು ನಾಶಮಾಡಿದ ನೌಕೆಗೂ ವಿಮೆಯ ಹಣ ಸಿಗುತ್ತಿದ್ದ ಕಾಲವೊಂದಿತ್ತು, ಅದನ್ನು ನಿಲ್ಲಿಸಿದ್ದು 2011ರಲ್ಲಿ. ನಿಲ್ಲಿಸಿದ ಮೇಲೂ ಬದಲಾದದ್ದು ಲೆಕ್ಕದ ಅಂಕಿ ಮಾತ್ರ. ಶಿಕ್ಷೆ ಬರೀ ಬೆಲೆಯಾಗಿಬಿಟ್ಟರೆ ಅಪರಾಧ ವ್ಯಾಪಾರವಾಗುತ್ತದೆ. ನನ್ನ ಚಂದದ ಕೋಷ್ಟಕವೂ ಇದೇ ಆಗಿತ್ತು. ನಾನು ಬರೆದದ್ದು ಕಾನೂನು ಎಂದುಕೊಂಡಿದ್ದೆ, ಹುಡುಗರು ಅದನ್ನು ದರಪಟ್ಟಿಯಂತೆ ಓದಿದರು.

ಮೂರನೆಯದು ನನಗೆ ಹೆಚ್ಚು ಇಷ್ಟವಾದದ್ದು. 2013ರಲ್ಲಿ ದಕ್ಷಿಣ ಕೊರಿಯಾದಲ್ಲಿ ಬಂದ ಆರ್ಕ್‌ಏಜ್. ಅಲ್ಲಿ ಕಳ್ಳತನವೋ ಕೊಲೆಯೋ ಆದ ಜಾಗದಲ್ಲಿ ಹೆಜ್ಜೆಗುರುತು, ರಕ್ತದ ಕಲೆ ಉಳಿಯುತ್ತಿತ್ತು. ದಾರಿಹೋಕ ಆಟಗಾರರು ಅದನ್ನು ನೋಡಿ ವರದಿ ಮಾಡಬಹುದಿತ್ತು. ಸಾಕಷ್ಟು ವರದಿ ಸೇರಿದ ಮೇಲೆ ಆರೋಪಿ ಯಾರ ಕೈಯಲ್ಲಾದರೂ ಸತ್ತರೆ ಎದ್ದೇಳುವುದು ನ್ಯಾಯಾಲಯದಲ್ಲಿ. ಎದುರಿಗೆ ಐವರು ಜ್ಯೂರಿ, ಅವರೂ ಆಟಗಾರರೇ. ಅಪರಾಧಗಳ ಪಟ್ಟಿ ಅವರ ಮುಂದೆ, ಆರೋಪಿಗೆ ಮಾತಾಡಲು ಅವಕಾಶ, ಆಮೇಲೆ ಮತ. ತಮಾಷೆ ಮಾಡಿ ಜ್ಯೂರಿಯನ್ನು ನಗಿಸಿ ಪಾರಾದವರೂ ಇದ್ದರು, ಗುಂಪಿನ ದ್ವೇಷಕ್ಕೆ ಹೆಚ್ಚು ಶಿಕ್ಷೆ ತಿಂದವರೂ ಇದ್ದರು. ಕೊರತೆ ಇಲ್ಲದ ವ್ಯವಸ್ಥೆ ಅಲ್ಲ. ಆದರೆ ವಿಚಾರಣೆ ನಡೆದರೆ ಅಲ್ಲಿ ಕಳ್ಳ ನಾಲ್ಕು ಜನರ ಮುಂದೆ ನಿಲ್ಲಬೇಕಿತ್ತು. ಊಟ ಮಾಡಿ ಬರುವಾಗ ಮುಗಿಯುವ ಶಿಕ್ಷೆಗಿಂತ ಇದು ಎಷ್ಟೋ ಮೇಲು.

ಹಾಗಾದರೆ ಏನು ಮಾಡಬೇಕು?

ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳುತ್ತೇನೆ. ರೋಲ್‌ಪ್ಲೇ ಆಟದಲ್ಲಿ ಶಿಕ್ಷೆಗೆ ಅರ್ಥ ಬರಬೇಕಾದರೆ ಅದು ಗಡಿಯಾರವನ್ನು ಬಿಟ್ಟು ಮನುಷ್ಯರ ಕಡೆಗೆ ತಿರುಗಬೇಕು. ನಾವು ಮಾಡಬಹುದಾದ ನಾಲ್ಕು ಕೆಲಸಗಳಿವೆ.

ಒಂದು, ಆಡುವವನ ತಪ್ಪು ಬೇರೆ, ಪಾತ್ರದ ತಪ್ಪು ಬೇರೆ. ಚೀಟ್ ಮಾಡುವುದು, ಹುಡುಗಿಯರಿಗೆ ಅಸಭ್ಯವಾಗಿ ಮಾತಾಡುವುದು, ಜಾತಿ ಧರ್ಮ ಹಿಡಿದು ಬಯ್ಯುವುದು, ಕಾರಣವೇ ಇಲ್ಲದೆ ಕಂಡವರ ಮೇಲೆ ಕಾರು ಹತ್ತಿಸುವುದು ಕಥೆಯೊಳಗಿನ ಅಪರಾಧಗಳಲ್ಲ. ಅದಕ್ಕೆ ಆಟದ ಜೈಲು ಪರಿಹಾರವಲ್ಲ. ಅಡ್ಮಿನ್ ನೇರವಾಗಿ ಮಾತಾಡಬೇಕು, ಅಗತ್ಯವಿದ್ದರೆ ಹೊರಗೆ ಹಾಕಬೇಕು. ಆದರೆ ಕಳ್ಳನ ಪಾತ್ರ ಕದ್ದರೆ ಅದಕ್ಕೆ ಬ್ಯಾನ್ ಮಾಡುವುದೂ ತಪ್ಪು. ಇವೆರಡನ್ನು ಬೆರೆಸಿದಾಗಲೇ ಜಗಳ ಆಟದಿಂದ ಹೊರಗೆ, ನಮ್ಮ ನಮ್ಮ ನಡುವೆ ಬರುತ್ತದೆ.

ಎರಡು, ಹೆಸರಿಗೆ ನೆನಪಿರಬೇಕು. ಪೊಲೀಸರ ಕಂಪ್ಯೂಟರಿನಲ್ಲಿ ದಾಖಲೆ ಇಡುವ ಸೌಲಭ್ಯ ಹೆಚ್ಚಿನ ಸರ್ವರ್‌ಗಳಲ್ಲಿ ಇದ್ದೇ ಇದೆ. ಅದನ್ನು ಬಳಸಿ. ದರೋಡೆ ಮಾಡಿದವನಿಗೆ ಬಂದೂಕು ಲೈಸೆನ್ಸ್ ಇಲ್ಲ. ಲಾರಿ ಕಂಪನಿ ಕೆಲಸ ಕೊಡುವ ಮೊದಲು ದಾಖಲೆ ನೋಡಲಿ. ಬ್ಯಾಂಕ್ ಸಾಲ ಕೊಡುವಾಗ ಯೋಚಿಸಲಿ. ಮೆಕ್ಯಾನಿಕ್ "ನಿನ್ನ ಗಾಡಿ ನಾನು ಮುಟ್ಟುವುದಿಲ್ಲ" ಎಂದು ಹೇಳುವ ಸ್ವಾತಂತ್ರ್ಯ ಇರಲಿ. ಅಡ್ಮಿನ್ ಹಾಕಿದ ಶಿಕ್ಷೆಗಿಂತ ಊರು ಕೊಟ್ಟ ಉತ್ತರ ಹೆಚ್ಚು ನಾಟುತ್ತದೆ.

ಮೂರು, ಕಳೆದುಕೊಂಡವನಿಗೆ ಮಾತು ಸಿಗಬೇಕು, ನಷ್ಟವೂ ತುಂಬಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಒಂದು ಒಳ್ಳೆಯ ಅಂಶ ಇದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಮೊದಲ ಸಲ ಅಪರಾಧಿ ಎನಿಸಿದವನು, ಆ ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಶಿಕ್ಷೆ ಸಮುದಾಯ ಸೇವೆ. ಮೊದಲು ಹಿಂದಿರುಗಿಸು, ಆಮೇಲೆ ಊರಿಗೆ ದುಡಿ. ಇದನ್ನೇ ಆಟಕ್ಕೆ ತಂದರೆ? ಲಾರಿ ಕದ್ದವನು ಜೈಲಿನಲ್ಲಿ ಕೂರುವುದು ಬೇಡ. ಲಾರಿ ಕಳೆದುಕೊಂಡವನು ಕೋರ್ಟಿನಲ್ಲಿ ಎರಡು ನಿಮಿಷ ಮಾತಾಡಲಿ, ಕದ್ದವನು ಎದುರಿಗೆ ನಿಂತು ಕೇಳಲಿ. ಆಮೇಲೆ ಅಷ್ಟು ಟ್ರಿಪ್ ಸರಕು ಸಾಗಿಸಿ ಆ ದುಡಿಮೆಯನ್ನು ಅವನ ಖಾತೆಗೆ ಹಾಕಲಿ. ಕದ್ದವನಿಗೆ ಆಡಲು ಕೆಲಸ ಸಿಗುತ್ತದೆ, ಕಳೆದುಕೊಂಡವನಿಗೆ ಲಾರಿ ಸಿಗುತ್ತದೆ. ಟ್ರಿಪ್ಪಿನ ನಡುವೆ ಇಬ್ಬರೂ ಮಾತಾಡಿಕೊಂಡರೆ ಅದಕ್ಕಿಂತ ಒಳ್ಳೆಯ ಕಥೆ ಇನ್ನೇನು ಬೇಕು?

ನಾಲ್ಕು, ಹಿಂದೆ ಬರುವ ದಾರಿ ಇರಬೇಕು, ಅದು ನಡೆದು ಬರುವ ದಾರಿಯಾಗಿರಬೇಕು. ನಮ್ಮದೇ ಜಿಲ್ಲೆಯ ಚೀಮೇನಿಯಲ್ಲಿ ತೆರೆದ ಬಂದೀಖಾನೆ ಇದೆ. ಎತ್ತರದ ಗೋಡೆಯ ಕೋಣೆಯಲ್ಲಿ ಕೂಡಿಹಾಕುವ ಬದಲು, ಒಳ್ಳೆಯ ನಡತೆಯ ಕೈದಿಗಳನ್ನು ನಂಬಿ ಹೊಲದ ಕೆಲಸಕ್ಕೆ ಬಿಡುವ ಜಾಗ. ಆಟದಲ್ಲೂ ಜೈಲು ಎಂದರೆ ಆಡಲು ಏನಾದರೂ ಇರುವ ಜಾಗವಾಗಬೇಕು: ಕೆಲಸ, ಪರೋಲ್ ಅಧಿಕಾರಿ, ವಕೀಲರ ಭೇಟಿ, ಒಳಗಿನ ಗೆಳೆತನ, ಒಳಗಿನ ಜಗಳ. ದಾಖಲೆ ಅಳಿಯುವುದು ಗಂಟೆ ಕಳೆದದ್ದಕ್ಕಲ್ಲ, ಮಾಡಿದ ಕೆಲಸಕ್ಕೆ. ಅಲ್ಟಿಮಾದ ಕೊಲೆಗಾರರು ಮಲಗಿ ಲೆಕ್ಕ ತೀರಿಸಿದರು. ನಮ್ಮಲ್ಲಿ ಮಲಗಿದರೆ ಲೆಕ್ಕ ಹಾಗೇ ಉಳಿಯಬೇಕು.

ಇದಕ್ಕೆ ಬರುವ ಪ್ರಶ್ನೆಗಳು

"ಇದು ಆಟ ಅಣ್ಣಾ, ಕಳ್ಳನಾಗಲೂ ಬಿಡದಿದ್ದರೆ ಮಜಾ ಏನು?" ಎಂದು ಕೇಳಿದ್ದಾರೆ. ಕಳ್ಳ ಬೇಡ ಎಂದು ನಾನು ಹೇಳುತ್ತಿಲ್ಲ. ಕಳ್ಳನಿಲ್ಲದೆ ಪೊಲೀಸರಿಗೇನು ಕೆಲಸ? ಆದರೆ ಕಳೆದುಕೊಳ್ಳಲು ಏನೂ ಇಲ್ಲದವನು ಬ್ಯಾಂಕಿಗೆ ನುಗ್ಗುವುದರಲ್ಲಿ ಎದೆ ಹೊಡೆದುಕೊಳ್ಳುವಂಥದ್ದು ಏನಿದೆ? ಲೈಸೆನ್ಸ್, ಕೆಲಸ, ಊರಿನಲ್ಲಿ ಇರುವ ಹೆಸರು ಪಣಕ್ಕೆ ಬಿದ್ದಾಗಲೇ ದರೋಡೆ ಕಥೆಯಾಗುವುದು.

"ನ್ಯಾಯಾಧೀಶರು ದಿನಾ ಎಲ್ಲಿಂದ ಬರಬೇಕು?" ಇದು ನ್ಯಾಯವಾದ ಪ್ರಶ್ನೆ. ನಾವೆಲ್ಲ ಕಾಲೇಜು, ಕೆಲಸ ಮುಗಿಸಿ ಬರುವವರು. ಎಲ್ಲ ಕೇಸಿಗೂ ವಿಚಾರಣೆ ಆಗದು. ವೇಗ ಮೀರಿದರೆ ದಂಡ ಸಾಕು. ಇನ್ನೊಬ್ಬ ಆಟಗಾರನಿಗೆ ನಷ್ಟವಾದ ಕೇಸುಗಳಿಗೆ ಮಾತ್ರ ವಾರಕ್ಕೊಂದು ರಾತ್ರಿ ಕೋರ್ಟು, ಒಂದೊಂದಕ್ಕೆ ಹತ್ತು ನಿಮಿಷ. ತಪ್ಪು ಒಪ್ಪಿಕೊಂಡು ಪರಿಹಾರಕ್ಕೆ ಇಬ್ಬರೂ ಒಪ್ಪಿದರೆ ಕೋರ್ಟೂ ಬೇಡ.

ಮೂರನೆಯ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ನಾನೇ ಕೇಳಿಕೊಳ್ಳಬೇಕು. ಪೊಲೀಸರೇ ತಪ್ಪು ಮಾಡಿದರೆ? ನಮ್ಮ ಸರ್ವರಿನಲ್ಲಿ ಒಬ್ಬನನ್ನು ವಿಚಾರಣೆಯ ಹೆಸರಿನಲ್ಲಿ ನಲವತ್ತು ನಿಮಿಷ ಕೈಕೋಳ ಹಾಕಿ ನಿಲ್ಲಿಸಿದ್ದರು. ಅದಕ್ಕೆ ನನ್ನ ಪಟ್ಟಿಯಲ್ಲಿ ಒಂದು ಸಾಲೂ ಇರಲಿಲ್ಲ. ನಮ್ಮ ಸಂವಿಧಾನದ 22ನೇ ವಿಧಿ ಬಂಧಿಸಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ, ವಕೀಲರನ್ನು ಕಾಣುವ ಹಕ್ಕನ್ನೂ ಕೊಡುತ್ತದೆ. ಆಟದಲ್ಲಿ ಅದನ್ನು ಹದಿನೈದು ನಿಮಿಷ ಎಂದು ಇಟ್ಟುಕೊಳ್ಳೋಣ. ಮೀರಿದರೆ ಕೇಸು ಬಿದ್ದುಹೋಗುತ್ತದೆ, ಆ ಪೊಲೀಸಿನವನ ದಾಖಲೆಯಲ್ಲೂ ಬರೆಯಲಾಗುತ್ತದೆ. ಕಾನೂನು ಕಳ್ಳನಿಗೆ ಮಾತ್ರ ಎಂದಾದರೆ ಅದನ್ನು ಯಾರೂ ಗೌರವಿಸುವುದಿಲ್ಲ.

ಇಷ್ಟೆಲ್ಲ ಒಂದು ಆಟಕ್ಕಾಗಿ ಬೇಕಾ ಎಂದು ನಿಮಗನಿಸಬಹುದು. ಪಾತ್ರ ಸುಳ್ಳಿರಬಹುದು, ಲಾರಿ ಸುಳ್ಳಿರಬಹುದು. ಆ ಹುಡುಗ ನಿದ್ದೆಗೆಟ್ಟ ಮೂರು ವಾರ ಸುಳ್ಳಲ್ಲ. ಅವನಿಗಾದ ನೋವನ್ನು ನೋಡಿ ನಾವೆಲ್ಲ ನಕ್ಕದ್ದೂ ಸುಳ್ಳಲ್ಲ. ಅನ್ಯಾಯವಾದವನ ಮಾತು ಕೇಳುವುದನ್ನು ಆಟದಲ್ಲೂ ಅಭ್ಯಾಸ ಮಾಡಿಕೊಳ್ಳದವರು ಬೇರೆ ಕಡೆ ಕೇಳುತ್ತೇವೆ ಎಂಬ ಭರವಸೆ ನನಗಿಲ್ಲ.

ಹೋದ ವಾರ ನನ್ನ ಹಳೆಯ ಕೋಷ್ಟಕವನ್ನು ಅಳಿಸಿ, ಮೇಲೆ ಹೇಳಿದ ನಾಲ್ಕು ಅಂಶಗಳನ್ನು ಸರ್ವರಿನ ಗೆಳೆಯರ ಮುಂದೆ ಇಟ್ಟೆ. ಕೆಲವರು ಒಪ್ಪಿದರು, ಕೆಲವರು "ನೋಡುವ" ಎಂದರು. ಲಾರಿ ಹೊಡೆದ ಹುಡುಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಎಷ್ಟು ಟ್ರಿಪ್ ಆಗಬಹುದು ಅಣ್ಣಾ?" ನಾನು ಲೆಕ್ಕ ಹಾಕಿ ಹೇಳಿದೆ, ಸುಮಾರು ನಲವತ್ತು. "ಜಾಸ್ತಿ ಆಯಿತಲ್ಲ ಮಾರಾಯ್ರೆ" ಎಂದ. ಆದರೆ ಆಗುವುದಿಲ್ಲ ಎನ್ನಲಿಲ್ಲ.

ಆ ಸಂಜೆಯೇ ಲಾರಿ ಕಳೆದುಕೊಂಡವನಿಗೆ ಫೋನ್ ಮಾಡಿದೆ. ಲಾರಿ ಸಿಗುತ್ತದೋ ಇಲ್ಲವೋ ಎಂದು ಅವನು ಕೇಳಲೇ ಇಲ್ಲ. ಕೇಳಿದ್ದು ಒಂದೇ: "ಕೋರ್ಟಿನಲ್ಲಿ ನನಗೂ ಮಾತಾಡಲು ಬಿಡುತ್ತೀರಾ ಅಣ್ಣಾ?"

ಬರುವ ಶನಿವಾರ ರಾತ್ರಿ ನಮ್ಮ ಮೊದಲ ಕೋರ್ಟು. ಮೊದಲ ಎರಡು ನಿಮಿಷ ಅವನದು.